ಅಂಗೈಯ ಲಿಂಗ, ವಿಮಾನದ ಸಾಲು

ಹೈದರಾಬಾದಿನ ವಿಮಾನ ನಿಲ್ದಾಣ. ವಿಮಾನವೊಂದರ ಅಪಹರಣದ ಸುದ್ದಿ ಬಂದಾಗಿನಿಂದ ತಪಾಸಣೆ ಬಿಗಿಯಾಗಿದೆ. ಸಾಲಿನಲ್ಲಿ ನಿಂತು ನಿಂತು ಕಾಲುಗಳು ಸೋತಿವೆ. ನನ್ನ ಮುಂದೆ, ನಮ್ಮೂರು ನರೋಣಾದಿಂದ ಜತೆಗೆ ಬಂದ ದೊಡ್ಡವ್ವ. ಆಕೆಯ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಗೆ ಯಂತ್ರ ಕುಯ್ಯೆಂದಿತು. ತೆಗೆದು ತಟ್ಟೆಯಲ್ಲಿಡಲು ಹೇಳು ಎಂದು ಪೊಲೀಸಿನವಳು ಹಿಂದಿಯಲ್ಲಿ ನನಗೆ ಹೇಳಿದಳು.

"ಲಿಂಗ ಮೈ ಬಿಟ್ಟು ಇರಂಗಿಲ್ಲಂತ ಹೇಳು," ಎಂದಳು ದೊಡ್ಡವ್ವ. "ಬೇಕಾದ್ರ ತೆರದು ತೋರಸ್ತೇನಿ."

ತೆರೆದು, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡಳು. ಅಂಗೈಗೆ ಬಂದ ಲಿಂಗವನ್ನು ಪೂಜೆಯಿಲ್ಲದೆ ಒಳಗಿಡುವ ರೂಢಿ ಆಕೆಗಿಲ್ಲ. ಅಲ್ಲೇ ಕಣ್ಣು ಮುಚ್ಚಿದಳು. ಸಾಲು ಗೊಣಗಿತು, ಕೆಮ್ಮಿತು, ಕೊನೆಗೆ ಚೀಲಗಳ ಮೇಲೆ ಕುಳಿತುಬಿಟ್ಟಿತು.

ವಿಮಾನದ ಮೆಟ್ಟಿಲ ಬುಡದಲ್ಲಿ ಮತ್ತೊಂದು ತಪಾಸಣೆ.

"ಇಲ್ಲೂ ತೆರೀಲೇನ್ರಿ?" ದೊಡ್ಡವ್ವ ಕರಡಿಗೆಗೆ ಕೈ ಹಾಕಿದಳು.

ಹಿಂದೆ ನಿಂತವರೆಲ್ಲ ತಂತಮ್ಮ ಭಾಷೆಯಲ್ಲಿ ಬೇಡವೆಂದರು.