ಎರಡನೇ ಶನಿವಾರದ ಸೂರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಪಂಚಾಯಿತಿ ಎಂಜಿನಿಯರ್ ನಕ್ಕರೆಂದು ನನ್ನ ನೆನಪು. ಜೊತೆಗಿದ್ದ ಅಮ್ಮ, ಅವರು ಆಕಳಿಸಿದರು ಅನ್ನುತ್ತಾಳೆ. ತೆಂಗಿನಕಾಯಿಯ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅಮ್ಮನ ಮನೆ ಕೆಂಗೇರಿಯಾಚೆ. ಸುತ್ತ ಲೇಔಟುಗಳು ಬಂದಿದ್ದರೂ ಊರು ಇನ್ನೂ ಪಂಚಾಯಿತಿಗೇ ಸೇರಿದೆ. ಅಡುಗೆಮನೆಗೆ ಹೊದಿಸಿದ್ದು ಸಿಮೆಂಟ್ ಶೀಟು. ಎಷ್ಟು ಸಲ ಬದಲಾಯಿಸಿದರೂ ಹಿತ್ತಲ ತೆಂಗಿನಮರ ಕಾಯಿ ಬೀಳಿಸಿ ಅದನ್ನು ಒಡೆಯುತ್ತಿತ್ತು. ಹೋದ ಬೇಸಿಗೆಯಲ್ಲಿ ಕಾಯಿ ಶೀಟು ತೂರಿಕೊಂಡು ಅಮ್ಮನಿಂದ ಒಂದು ಮೊಳ ದೂರಕ್ಕೆ ಬಿತ್ತು. ಅಮ್ಮ ಅದರಲ್ಲೇ ಚಟ್ನಿ ಅರೆದಳು. ನಾನು ಕಾಂಕ್ರೀಟ್ ಮೋಲ್ಡ್ ಹಾಕಿಸಲೇಬೇಕೆಂದೆ.

ನಮ್ಮೂರಲ್ಲಿ ಮೋಲ್ಡ್‌ಗೆ ಒಂದೇ ಮುಹೂರ್ತ: ಎರಡನೇ ಶನಿವಾರ. ಪಂಚಾಯಿತಿ ಆಫೀಸಿಗೆ ಎರಡು ದಿನ ರಜೆ. ಸೋಮವಾರ ಯಾರಾದರೂ ವಿಚಾರಿಸಲು ಬರುವಷ್ಟರಲ್ಲಿ ಸೂರು ಗಟ್ಟಿಯಾಗಿ, ಅವರನ್ನು ಅದರ ಕೆಳಗೇ ಕೂರಿಸಿ ಕಾಫಿ ಕೊಡಬಹುದು. ಪಕ್ಕದ ಮನೆಯ ಚಿಕ್ಕಪ್ಪ ಮೂರು ಮಹಡಿಗಳನ್ನೂ ಹೀಗೇ ಏರಿಸಿದವರು.

"ಬರೋ ಎರಡನೇ ಶನಿವಾರ ಮುಗಿಸಿಬಿಡೋಣ ಕಣಮ್ಮ," ಎಂದರು.

"ಬೇಡ ಚಿಕ್ಕಪ್ಪ. ಪರ್ಮಿಶನ್ ತಗೊಂಡೇ ಮಾಡೋಣ."

"ಓದ್ಸಿದ್ದೇ ತಪ್ಪಾಯ್ತು ನೋಡಿ ಅತ್ತಿಗೆ."

ಅಮ್ಮ ಮನೆಪತ್ರಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟಳು.

ಎಂಜಿನಿಯರ್ ನಮ್ಮ ಅರ್ಜಿಯನ್ನು, ಶಾಸನವೊಂದು ಸಿಕ್ಕಿದಂತೆ, ತಿರುಗಿಸಿ ತಿರುಗಿಸಿ ನೋಡಿದರು. "ಶೀಟಿಗೆ ಶೀಟೇ ಹಾಕಿದ್ರೆ ರಿಪೇರಿ, ಮೇಡಂ. ಮೋಲ್ಡ್ ಅಂದ್ರೆ ಹೊಸ ಕಟ್ಟಡ. ಪಕ್ಕದಲ್ಲಿ ಮೂರಡಿ ಬಿಡಬೇಕು."

"ಪಕ್ಕದಲ್ಲಿ ಚಿಕ್ಕಪ್ಪನ ಮನೆ, ಸಾರ್. ತಾತ ಎರಡೂ ಮನೆಗೆ ಒಂದೇ ಗೋಡೆ ಕಟ್ಟಿಸಿದಾರೆ."

"ಹಾಗಾದ್ರೆ ನಿಮ್ಮೊಳಗಡೆ ಬಿಡಿ."

ಅಡುಗೆಮನೆಯ ಅಗಲವೇ ಆರಡಿ. ಅರ್ಧ ಬಿಟ್ಟರೆ ಒಲೆಗೆ ಅನುಮತಿ ಸಿಗುತ್ತದೆ, ಅಮ್ಮನಿಗೆ ಸಿಗುವುದಿಲ್ಲ.

"ಮತ್ತೆ ಚಿಕ್ಕಪ್ಪ ಮೂರು ಫ್ಲೋರ್ ಕಟ್ಟಿದಾರಲ್ಲ?" ಎಂದು ಕೇಳಿದೆನೇ? ಮನಸ್ಸಿನಲ್ಲಷ್ಟೇ ಅಂದುಕೊಂಡೆ ಎಂದು ನಂಬಲು ನನಗಿಷ್ಟ. ಆದರೆ ಎಂಜಿನಿಯರ್ ಕೊಟ್ಟ ಉತ್ತರ ಸ್ಪಷ್ಟವಾಗಿ ನೆನಪಿದೆ, ಅದೇ ಕಷ್ಟ.

"ಅವರು ನಮ್ಮನ್ನ ಕೇಳಲಿಲ್ಲವಲ್ಲ, ಮೇಡಂ. ನೀವು ಕೇಳಿದ್ರಿ, ಹೇಳಿದೆ."

ಮಳೆ ಬಂತು. ಒಡೆದ ಶೀಟಿನ ಮೇಲೆ ಟಾರ್ಪಾಲು ಹೊದಿಸಿದೆವು. ನೀರನ್ನು ಅರ್ಧಂಬರ್ಧ ತಡೆಯುವ ಟಾರ್ಪಾಲಿಗೆ ತೆಂಗಿನಕಾಯಿ ಯಾವ ಲೆಕ್ಕ? ಅಮ್ಮ ಈಗ ಚಿಕ್ಕಪ್ಪನ ಹಳೇ ಹೆಲ್ಮೆಟ್ ಹಾಕಿಕೊಂಡು ಅಡುಗೆ ಮಾಡುತ್ತಾಳೆ. ನಮ್ಮ ಬೀದಿಯಲ್ಲಿ ಹೆಲ್ಮೆಟ್ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವವಳು ಅವಳೊಬ್ಬಳೇ.

"ಈಗ ಶನಿವಾರಾನೂ ಆಗಲ್ಲ," ಎಂದರು ಚಿಕ್ಕಪ್ಪ. "ನಿಮ್ಮನೆ ಹೋಗಿ ಫೈಲಲ್ಲಿ ಕೂತಿದೆ. ಮೋಲ್ಡ್ ಯೋಚನೆ ಬಿಟ್ಟಿದೀವಿ ಅಂತ ಬರ್ಕೊಟ್ಟು ಅರ್ಜಿ ವಾಪಸ್ ತಗೋ. ಫೈಲು ಮಲಗಿದ ಮೇಲೆ ನಾವು ಏಳೋಣ."

ಪತ್ರ ಬರೆದೆ. ಅರ್ಜಿಗೆ ನಕ್ಷೆ, ನಕಲು, ಫೋಟೋ ಎಲ್ಲ ಬೇಕಾಗಿತ್ತು. ಸುಳ್ಳಿಗೆ ಏನನ್ನೂ ಲಗತ್ತಿಸಬೇಕಾಗಿರಲಿಲ್ಲ, ಮನೆಯೊಡತಿಯ ಸಹಿಯೊಂದನ್ನು ಬಿಟ್ಟು. ಪೆನ್ನು ಹಿಡಿದು ಅಡುಗೆಮನೆಗೆ ಹೋದೆ. ಅಮ್ಮ ಬೆನ್ನು ಹಾಕಿ ಒಗ್ಗರಣೆ ಹಾಕುತ್ತಿದ್ದಳು. ಮೇಲೆ ಟಾರ್ಪಾಲು ಪಟಪಟ ಬಡಿಯುತ್ತಿತ್ತು.

ಹೆಲ್ಮೆಟ್ಟಿನೊಳಗೆ ಕೇಳಿಸಿತೋ ಇಲ್ಲವೋ ಎಂದು ಎರಡು ಸಲ ಕೇಳಿದೆ. ಅಮ್ಮ ಒಗ್ಗರಣೆಗೆ ಕರಿಬೇವು ಹಾಕಿದಳು. ಮೂರನೇ ಸಲ ಜೋರಾಗಿ ಕೇಳಿದೆ.

"ಅಮ್ಮ, ಇದಕ್ಕೆ ಸೈನ್ ಹಾಕ್ತೀಯಾ?"