ಅರ್ಧ ಸುರುಳಿಯ ಒಲೆ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಒಲೆಯ ತಗಡಿನ ಮೇಲಿದ್ದ ಅಂಕಿಗಳಾದರೂ ಸರಿಯಾಗಿ ನೆನಪಿವೆ ಎಂದುಕೊಂಡಿದ್ದೇನೆ: ೨೩೦ ವೋಲ್ಟ್, ೪ ಆಂಪಿಯರ್. ಅವೂ ಆಮೇಲೆ ಓದಿದ ಪುಸ್ತಕಗಳಿಂದ ಬಂದು ಸೇರಿಕೊಂಡಿದ್ದರೆ ಹೇಳಲಾರೆ.

ಐವತ್ತರ ದಶಕದ ಕೊನೆ. ಸೊರಬದ ನಮ್ಮ ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ನಾನು ಶಿಕಾರಿಪುರದ ಚಿಕ್ಕಮ್ಮನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಚಿಕ್ಕಮ್ಮ ಬಾಣಂತಿ. ಕೋಣೆಯಲ್ಲಿ ಕೂಸಿಗೆ ಹೊಗೆ ತಾಗಬಾರದೆಂದು ಚಿಕ್ಕಪ್ಪ ದಾವಣಗೆರೆಯಿಂದ ಕರೆಂಟಿನ ಒಲೆ ತಂದಿದ್ದರು. ಅದರ ತಂತಿಯ ಸುರುಳಿ ಆಗಾಗ ಹರಿಯುತ್ತಿತ್ತು. ಹರಿದಾಗಲೆಲ್ಲ ಚಿಕ್ಕಪ್ಪ ಸುಟ್ಟ ತುಂಡನ್ನು ಕಿತ್ತೆಸೆದು, ಉಳಿದದ್ದನ್ನು ಎಳೆದು ಸಿಕ್ಕಿಸುತ್ತಿದ್ದರು. ಕೊನೆಗೆ ಅರ್ಧ ಸುರುಳಿ ಉಳಿಯಿತು. ನೀರು ಮೊದಲಿಗಿಂತ ಬೇಗ ಕಾಯತೊಡಗಿತು.

"ನೋಡು, ತಂತಿ ಕಮ್ಮಿ ಆದಂಗೆ ಕರೆಂಟೂ ಕಮ್ಮಿ ತಿಂತೈತಿ. ದೀಪದ ಬತ್ತಿ ಸಣ್ಣದು ಮಾಡಿದಂಗೆ" ಎಂದರು ಚಿಕ್ಕಪ್ಪ. ನಾನೂ ಹೌದೆಂದು ತಲೆಯಾಡಿಸಿದೆನೇನೋ. ಫ್ಯೂಸು ಎರಡು ಸಲ ಸುಟ್ಟುಹೋದಾಗ ಅವರು ಅಲ್ಲಿಗೆ ದಪ್ಪ ತಾಮ್ರದ ತಂತಿ ಸುತ್ತಿದರು.

ಅದೇ ವಾರವೋ ಮುಂದಿನ ವಾರವೋ ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ. ಮನೆಗೆ ಬಂದು ಒಲೆಯ ಅಂಕಿಗಳನ್ನೇ ಇಟ್ಟು ನೋಡಿದೆ. ಐವತ್ತೇಳೂವರೆ ಓಮ್, ಒಂಬೈನೂರ ಇಪ್ಪತ್ತು ವ್ಯಾಟ್. ಅರ್ಧ ಸುರುಳಿಗೆ ಅರ್ಧ ರೋಧ. ಅದರಿಂದ ೨೩೦ನ್ನು ಭಾಗಿಸಿದರೆ ಎಂಟು ಆಂಪಿಯರ್. ಸಾಮರ್ಥ್ಯ ೧೮೪೦ ವ್ಯಾಟ್. ತಪ್ಪಿರಲಿ ಎಂದು ಬೇಡಿಕೊಳ್ಳುತ್ತಲೇ ಮತ್ತೆ ಮಾಡಿದೆ. ಅದೇ ಬಂತು. ಬಲ್ಬಿಗೆಂದು ಎಳೆದು ಒಲೆಗೂ ಸೇರಿಸಿದ್ದ ಸಣ್ಣ ವೈರು ತೊಟ್ಟಿಲ ಹಿಂದಿನ ಮರದ ಪಟ್ಟಿಯ ಮೇಲೆ ಹಾದುಹೋಗಿತ್ತು. ಪಟ್ಟಿಯನ್ನು ಮುಟ್ಟಿದೆ, ಬೆಚ್ಚಗಿತ್ತು. ರಬ್ಬರು ಕಮರಿದ ವಾಸನೆಯೂ ಬಂತು. ಅಥವಾ ಅದು ನನ್ನ ಭಯವೇ ಇರಬಹುದು.

"ಚಿಕ್ಕಪ್ಪ, ಅರ್ಧ ಸುರುಳಿ ಎರಡು ಪಟ್ಟು ಕರೆಂಟು ಎಳೀತದೆ. ಫ್ಯೂಸಿಗೆ ನೀವು ಹಾಕಿರೋ ತಾಮ್ರ ಸುಡೋದಿಲ್ಲ, ಗೋಡೆ ವೈರೇ ಸುಡ್ತದೆ."

"ಏನವ್ವಾ ಇಂಜಿನಿಯರಮ್ಮ, ಅರ್ಧ ರೊಟ್ಟಿ ತಿಂದರೆ ಎರಡು ಪಟ್ಟು ಹೊಟ್ಟೆ ತುಂಬತೈತೇನು?"

"ರೀ, ಕೂಸು ಅಲ್ಲೇ ಮಲಗ್ತದಲ್ರೀ" ಎಂದಳು ಚಿಕ್ಕಮ್ಮ.

"ಇಷ್ಟು ದಿನ ಆತು, ಏನಾಗೈತಿ?"

ತಲೆನೋವೆಂದು ಸುಳ್ಳು ಹೇಳಿ ಎರಡು ದಿನ ಶಾಲೆ ಬಿಟ್ಟೆ. ಒಲೆ ಹಚ್ಚಿದಾಗಲೆಲ್ಲ ತೊಟ್ಟಿಲ ಪಕ್ಕ ಕೂತು ಆ ಪಟ್ಟಿಯನ್ನೇ ನೋಡುತ್ತಿದ್ದೆ. ಕೂಸು ಸೀನಿದರೂ ಎದ್ದು ಪಟ್ಟಿ ಮುಟ್ಟಿ ನೋಡುತ್ತಿದ್ದೆ. ಮೂರನೆಯ ದಿನ ಚಿಕ್ಕಪ್ಪ ಗದರಿಸಿ ಶಾಲೆಗೆ ಕಳಿಸಿದರು. ಪಾಠ ಒಂದೂ ಕಿವಿಗೆ ಬೀಳಲಿಲ್ಲ.

ಸಂಜೆ ಓಡುತ್ತಲೇ ಬಂದೆ. ಕೂಸು ತೊಟ್ಟಿಲಲ್ಲಿ ಮಲಗಿತ್ತು. ಸುರುಳಿ ಏಳೆಂಟು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. "ಹಾಳು ಒಲೆ, ಮತ್ತೆ ಹರೀತು" ಎಂದು ಚಿಕ್ಕಪ್ಪ ನನ್ನನ್ನೇ ದುರುಗುಟ್ಟಿ ನೋಡಿದರು. ನಾನು ಮುಟ್ಟಿರಲಿಲ್ಲ. ತುಂಡುಗಳ ತುದಿಗಳು ಸುಟ್ಟು ಕಪ್ಪಾಗಿರಲಿಲ್ಲ, ಆಗಷ್ಟೇ ಮುರಿದಂತೆ ಹೊಳೆಯುತ್ತಿದ್ದವು. ಹಾಗೆ ನೋಡಿದೆನೆಂದು ಈಗಲೂ ನಂಬಿದ್ದೇನೆ. ಚಿಕ್ಕಮ್ಮ ಹಿತ್ತಲಲ್ಲಿ ಸೌದೆ ಒಲೆ ಊದುತ್ತಿದ್ದಳು.

ಡಿಗ್ರಿ ಮುಗಿಸಿದ ಮೇಲೆ, ಅವಳು ಸೊರಬಕ್ಕೆ ಬಂದಿದ್ದಾಗ ಒಮ್ಮೆ ಕೇಳಿದೆ.

"ಚಿಕ್ಕಮ್ಮ, ಅದನ್ನ ಮುರಿದಿದ್ದು ನೀನೇ ತಾನೆ? ನನ್ನ ಲೆಕ್ಕ ನಂಬಿದ್ಯಾ, ಇಲ್ಲಾ ನನ್ನ ಮುಖ ನೋಡಿ ಹೆದರಿದ್ಯಾ?"