ಎರ್ಕೆಲೆಯ್ ಮತ್ತು ಜಲ್ಲಿಯ ಅಲೆಗಳು

ಎರ್ಕೆಲೆಯ್ ಮದುವೆಯಾಗಿ ಕುರಾಯ್ ಊರಿಗೆ ಬಂದ ಮೊದಲ ಬೇಸಿಗೆಯಲ್ಲೇ ಆ ದಿಬ್ಬಗಳ ಮೇಲೆ ಹಗೆ ಕಟ್ಟಿಕೊಂಡಳು. ಚುಯಾ ಹೊಳೆಯಾಚೆಯ ಬಯಲಿನಲ್ಲಿ ಒಂದರ ಹಿಂದೆ ಒಂದು, ಮನೆಗಿಂತ ಎತ್ತರದ ಜಲ್ಲಿಯ ದಿಬ್ಬಗಳು. ಒಂದು ದಿಬ್ಬ ದಾಟಿದರೆ ಕುರಿಗಳು ಮಾಯ. ಏದುಸಿರು ಬಿಡುತ್ತ ಹತ್ತಿ ನೋಡಿದರೆ ಮುಂದೆ ಇನ್ನೊಂದು ದಿಬ್ಬ.

"ಆಕಳಿಸೋಷ್ಟರಲ್ಲಿ ಕುರಿ ಕಳ್ಕೊಂಡು ಬರ್ತೀಯಲ್ಲೇ!" ಎಂದು ಅತ್ತೆ ಹಂಗಿಸುತ್ತಿದ್ದಳು.

"ನಿಮ್ಮೂರಿನ ನೆಲಾನ ಯಾವನೋ ಕುಡುಕ ಉತ್ತಿದಾನೆ ಅತ್ತೆ, ನಾನೇನ್ ಮಾಡ್ಲಿ?" ಎಂದು ಸೊಸೆ ಎದುರಾಡುತ್ತಿದ್ದಳು.

ಕಾಲ ಸರಿಯಿತು. ಅತ್ತೆ ಹೋದಳು, ಆಮೇಲೆ ಗಂಡನೂ ಹೋದ. ಕುರಿ ಮೇಯಿಸುತ್ತ, ಕುದುರೆ ಸಾಕುತ್ತ ಎರ್ಕೆಲೆಯ್ ಊರಿಗೆಲ್ಲ 'ಎಜೆ' ಆದಳು. ಎಜೆ ಎಂದರೆ ಅಕ್ಕ. ಅವಳ ನಾಲಿಗೆಗೆ ಹೆದರಿ, ವಯಸ್ಸಿನಲ್ಲಿ ಹಿರಿಯರಾದವರೂ ಹಾಗೇ ಕರೆಯುತ್ತಿದ್ದರು.

ಹೀಗಿರಲು ಒಂದು ಬೇಸಿಗೆಯಲ್ಲಿ ಲಿದಿಯಾ ಎಂಬ ಭೂವಿಜ್ಞಾನಿ ಬಂದು ಅವಳ ಕುದುರೆಗಳನ್ನು ಬಾಡಿಗೆಗೆ ಹಿಡಿದಳು. ಸಾವಿರಾರು ವರ್ಷಗಳ ಹಿಂದೆ ಹಿಮನದಿಯೊಂದು ಕಣಿವೆಗೆ ಅಡ್ಡ ನಿಂತದ್ದರಿಂದ ಇಲ್ಲೊಂದು ದೊಡ್ಡ ಕೆರೆ ಕಟ್ಟಿಕೊಂಡಿತ್ತು, ಆ ಹಿಮದ ಕಟ್ಟೆ ಒಡೆದು ನೀರು ನುಗ್ಗಿದಾಗ ಎದ್ದವೇ ಈ ದಿಬ್ಬಗಳು ಎಂದಳು.

"ಬಿಸಿಲು ತಲೆಗೇರಿದೆ ನಿಂಗೆ. ಇಗೋ, ಉಪ್ಪು ಹಾಕಿದ ಚಹಾ ಕುಡಿ, ಇಳಿಯುತ್ತೆ," ಎಂದಳು ಎರ್ಕೆಲೆಯ್.

ಲಿದಿಯಾ ನಕ್ಕು, ಅವಳ ಕೈ ಹಿಡಿದು ಪಕ್ಕದ ಬೆಟ್ಟ ಹತ್ತಿಸಿದಳು. ಕುರಿ ಮೇಯದ ಬೋಳು ಬೆಟ್ಟ ಅದು. ಎರ್ಕೆಲೆಯ್ ಅದರ ತುದಿ ಕಂಡವಳಲ್ಲ. ಮೇಲೆ ನಿಂತು ಕೆಳಗೆ ನೋಡಿದಳು. ಹೊಳೆದಂಡೆಯ ಮರಳಿನಲ್ಲಿ ನೀರು ಎಳೆದ ಸುಕ್ಕುಗಳಿರುತ್ತವಲ್ಲ, ಅವೇ ಬಯಲಿನುದ್ದಕ್ಕೂ ಹಾಸಿಕೊಂಡಿದ್ದವು. ಅವುಗಳ ನಡುವೆ ಅವಳ ಕುರಿಗಳು ಎಳ್ಳಿನ ಕಾಳುಗಳಂತೆ ಚೆದುರಿದ್ದವು. ಇಷ್ಟು ವರ್ಷ ತಾನೂ ಆ ಎಳ್ಳಿನಲ್ಲೊಂದು ಕಾಳಾಗಿದ್ದೆ ಎನ್ನಿಸಿ ಅವಳಿಗೆ ನಗು ಬಂತು. ನಕ್ಕು ನಕ್ಕು ಕಣ್ಣೊದ್ದೆಯಾಗಿ ಕುಕ್ಕರಿಸಿದಳು.

"ಅತ್ತೇ!" ಎಂದು ಬಯಲಿಗೆ ಕೇಳುವಂತೆ ಕೂಗಿದಳು. "ಕುಡುಕ ಅಲ್ವಂತೆ! ನೀರಂತೆ!"

ಕೆಲ ವರ್ಷಗಳಲ್ಲಿ ಹೆದ್ದಾರಿಯಿಂದ ಬೆಟ್ಟದ ತುದಿಯವರೆಗೆ ಬಿಳಿ ಬಣ್ಣ ಬಳಿದ ಕಲ್ಲುಗಳ ಜಾಡು ಬಿತ್ತು. ನೋಡುವವರು ಬರತೊಡಗಿದರು. ಎರ್ಕೆಲೆಯ್ ದಾರಿ ತೋರಿಸುವವಳಾದಳು. ಲಿದಿಯಾ ಹೇಳಿದ್ದಕ್ಕೆ ಒಗ್ಗರಣೆ ಹಾಕಿ, ನೀರಿನ ಸದ್ದಿಗೆ ಮಂಗೋಲಿಯಾದ ಒಂಟೆಗಳೂ ಬೆಚ್ಚಿದವು ಎಂದು ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದಳು.

ಅವಳ ಅನ್ನಕ್ಕೆ ಕಲ್ಲು ಹಾಕಿದವನು ಬಾಯ್ರಮ್. ಹೆಂಡತಿ ತೀರಿಕೊಂಡವನು, ಅವಳಿಗಿಂತ ತುಸು ಚಿಕ್ಕವನು. ಅವನ ಹತ್ತಿರ ಬ್ರೆಡ್ಡಿನ ಆಕಾರದ ಹಳೇ ವ್ಯಾನಿತ್ತು. "ಯಾಕೆ ಕಾಲು ಸವೆಸ್ತೀರಿ? ದಿಬ್ಬದ ಮೇಲೇ ಇಳಿಸ್ತೀನಿ ಬನ್ನಿ!" ಎಂದು ಜನರನ್ನು ತುಂಬಿಕೊಂಡು ಹೋಗುತ್ತಿದ್ದ. ಅವರು ದಿಬ್ಬದ ಮೇಲೆ ನಿಂತು, ಇಷ್ಟೇನಾ ಎಂದು ಮುಖ ಸಣ್ಣ ಮಾಡಿಕೊಂಡು ವಾಪಸಾಗುತ್ತಿದ್ದರು.

"ಮೂಗಿನ ಮೇಲೆ ಕೂತ ನೊಣಕ್ಕೆ ಮುಖ ಕಾಣುತ್ತೇನೋ? ಬೆಟ್ಟ ಹತ್ತಿಸೋ," ಎಂದಳು ಎರ್ಕೆಲೆಯ್.

"ಹತ್ತೋಕೆ ನಾನೇನು ಮೇಕೇನಾ ಎಜೆ?"

"ಗಡ್ಡ ನೋಡಿದ್ರೆ ಹಂಗೇ ಅನ್ಸುತ್ತೆ."

ಜೂನಿನಲ್ಲಿ ಒಂದು ದಿನ, ಮಳೆ ಬಿದ್ದ ಮರುದಿನ, ಬಾರ್ನಾವುಲ್ ನಗರದಿಂದ ಮೇಷ್ಟರ ತಂಡವೊಂದು ಬಂತು. ಎಲ್ಲರೂ ಬಾಯ್ರಮ್‌ನ ವ್ಯಾನು ಹತ್ತಿದರು. ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಕೆಸರಿತ್ತು. ವ್ಯಾನು ಅಚ್ಚಿನವರೆಗೆ ಹೂತುಹೋಯಿತು. ಮೇಷ್ಟರುಗಳು ಇಳಿದು ತಳ್ಳಿ, ನೆತ್ತಿಯವರೆಗೆ ಕೆಸರಾದರು.

ಎರ್ಕೆಲೆಯ್ ತನ್ನ ಚಮರೀಮೃಗವನ್ನು ಅಟ್ಟಿಕೊಂಡು ಆ ದಾರಿಯಲ್ಲೇ ಬಂದಳು. ಅವಸರ ಮಾಡಲಿಲ್ಲ. ದಿಬ್ಬದ ಮೇಲೆ ಕೂತು ಒಣಗಿಣ್ಣು ಕಡಿಯತೊಡಗಿದಳು.

"ಎಜೆ, ನೋಡ್ತಾ ಕೂತಿದೀಯಲ್ಲ!" ಎಂದ ಬಾಯ್ರಮ್.

"ಚೆನ್ನಾಗಿ ಕಾಣುತ್ತೆ ಇಲ್ಲಿಂದ. ಮೇಲಿಂದ ನೋಡ್ಬೇಕು ಅಂತ ನಾನ್ ಹೇಳ್ಲಿಲ್ವಾ?"

"ಎಳೆಸೇ ಮಾರಾಯ್ತಿ, ಏನ್ ಹೇಳಿದ್ರೂ ಮಾಡ್ತೀನಿ."

"ಹಂಗಾದ್ರೆ ಇವತ್ತು ಬೆಟ್ಟ ಹತ್ತು."

ಚಮರೀಮೃಗಕ್ಕೆ ಹಗ್ಗ ಬಿಗಿದರು. ಅದು ಒಮ್ಮೆ ಗುಟುರು ಹಾಕಿ ಎಳೆಯಿತು. ವ್ಯಾನು ಕಿತ್ತು ಬಂತು. ಆದರೆ ಮೃಗ ನಿಲ್ಲಲಿಲ್ಲ. ಸ್ಟೀರಿಂಗು ಹಿಡಿದು "ನಿಲ್ಸೇ! ನಿಲ್ಸೇ!" ಎಂದು ಅರಚುತ್ತಿದ್ದ ಬಾಯ್ರಮ್‌ನನ್ನು ವ್ಯಾನಿನ ಸಮೇತ ದಿಬ್ಬದ ನೆತ್ತಿಗೆ ಎಳೆದೊಯ್ದು, ಅಲ್ಲಿ ಹುಲ್ಲು ಕಂಡು ಬಾಯಿ ಹಾಕಿತು. ಮೇಷ್ಟರುಗಳು ಕೆಸರಿನಲ್ಲೇ ಬಿದ್ದು ನಕ್ಕರು.

ಮಾತಿಗೆ ತಪ್ಪದೆ ಬಾಯ್ರಮ್ ಎಲ್ಲರ ಜೊತೆ ಬೆಟ್ಟ ಹತ್ತಿದ. ದಾರಿಯುದ್ದಕ್ಕೂ ನಿಂತು ನಿಂತು ಮೊಣಕಾಲು ಹಿಡಿದುಕೊಂಡ. ತುದಿ ಮುಟ್ಟಿದ ಮೇಲೆ ಮಾತ್ರ ಟೋಪಿ ತೆಗೆದು ಬಯಲನ್ನೇ ನೋಡಿದ. ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ, ಆದರೂ ಇದನ್ನು ಮೇಲಿಂದ ಕಂಡವನಲ್ಲ.

"ಥೂ, ಎಂಥಾ ನೀರು ಎಜೆ ಅದು," ಎಂದ ಕೊನೆಗೆ, ಮೆಲ್ಲಗೆ. ಎರ್ಕೆಲೆಯ್‌ಗೆ ಅವನನ್ನು ಛೇಡಿಸಲು ಮನಸ್ಸಾಗಲಿಲ್ಲ. ಬಟ್ಟಲಿಗೆ ಚಹಾ ಬಗ್ಗಿಸಿ ಕೊಟ್ಟಳು.

ಅಂದಿನಿಂದ ವ್ಯಾನು ದಿಬ್ಬಗಳಿಗೆ ಹೋಗದೆ ಜನರನ್ನು ಬೆಟ್ಟದ ಬುಡದಲ್ಲೇ ಇಳಿಸತೊಡಗಿತು. ಚಳಿಗಾಲ ಬಂದು ನೋಡುವವರು ಬರುವುದು ನಿಂತರೂ ಬಾಯ್ರಮ್ ಅವಳ ಮನೆಗೆ ಬರುವುದು ನಿಲ್ಲಲಿಲ್ಲ. ಒಂದು ಸಂಜೆ ಒಲೆಯ ಮುಂದೆ ಕೂತು ಟೋಪಿ ತಿರುವುತ್ತ, "ಇನ್ಮೇಲೆ ನಿನ್ನ ಎಜೆ ಅಂತ ಕರೆಯೋಕೆ ಇಷ್ಟ ಇಲ್ಲ," ಎಂದ.

"ಮತ್ತೇನಂತ ಕರೀತೀಯೋ?"

"ಅದನ್ನೇ ಕೇಳೋಣ ಅಂತ ಬಂದೆ."

ಎರ್ಕೆಲೆಯ್ ಒಲೆಗೆ ಸೌದೆ ನೂಕಿದಳು. ಕೆನ್ನೆ ಕೆಂಪಾದದ್ದು ಬೆಂಕಿಯ ಕಾವಿಗೆ ಎಂದು ಅವನು ತಿಳಿದುಕೊಳ್ಳಲಿ ಎಂದುಕೊಂಡಳು. "ಹೆಸರಿದೆಯಲ್ಲೋ ನಂಗೆ," ಎಂದಳು.

ವಸಂತದಲ್ಲಿ ಮದುವೆಯಾಯಿತು. ಈಗ ಜಾಡಿನಲ್ಲಿ ಬರುವವರಿಗೆ ಇಬ್ಬರೂ ಕೂಡಿಯೇ ಕಥೆ ಹೇಳುತ್ತಾರೆ. ನೀರು ಒಂದೇ ಹಗಲಿನಲ್ಲಿ ಹರಿದುಹೋಯಿತು ಎನ್ನುತ್ತಾಳೆ ಅವಳು. ವಾರವಾದರೂ ಹಿಡಿದಿರಬೇಕು ಎನ್ನುತ್ತಾನೆ ಅವನು. ಜಗಳ ಹತ್ತುತ್ತದೆ. ಬಂದವರು ಬಯಲನ್ನು ಬಿಟ್ಟು ಇವರನ್ನೇ ನೋಡುತ್ತ ನಿಲ್ಲುತ್ತಾರೆ.